ಅರ್ಧ ಇಳಿಸಿದ ಶಟರು

ನನ್ನ ಕಸುಬು ಬಾಯಿ. ಅಹಮದಾಬಾದಿನ ಬೋಪಾಲ್ ಕಡೆ ಹೊಸದಾಗಿ ಎದ್ದ ಯಾವುದಾದರೂ ಗೋಪುರದಂಥ ಕಟ್ಟಡದಲ್ಲಿ ನೀವು ಲಿಫ್ಟು ಹತ್ತಿದ್ದರೆ, 'ಬಾಗಿಲು ಮುಚ್ಚುತ್ತಿದೆ, ದಯವಿಟ್ಟು ದೂರ ನಿಲ್ಲಿ' ಎಂದು ಗುಜರಾತಿಯಲ್ಲಿ ಹೇಳಿದ ಆ ಸಭ್ಯ ಗಂಡಸು ನಾನೇ ಇರಬಹುದು. ಎದುರಿಗೆ ಸಿಕ್ಕರೆ ಅಷ್ಟು ಸಭ್ಯನಾಗಿ ಕಾಣುವುದಿಲ್ಲ. ಹತ್ತಿಬೀಜದ ಜಾಹೀರಾತು, ಮಕ್ಕಳ ಪಾಠ, ಮದುವೆಮನೆಯ ನಿರೂಪಣೆ, ಬಟ್ಟೆ ಒಗೆಯುವ ಯಂತ್ರಕ್ಕೆ ಎಷ್ಟು ಸೋಪು ಹಾಕಬೇಕೆಂಬ ಬುದ್ಧಿವಾದ, ಹೀಗೆ ಯಾರು ಏನು ಕೊಟ್ಟರೂ ಕನ್ನಡ, ಹಿಂದಿ, ಗುಜರಾತಿಗಳಲ್ಲಿ ಓದಿಕೊಡುತ್ತೇನೆ. ಮಲಗುವ ಕೋಣೆಯ ಗೋಡೆಗೆ, ಸದ್ದು ಹೀರಲೆಂದು, ಹಾಸಿಗೆ ಒರಗಿಸಿ ಮಾಡಿಕೊಂಡದ್ದೇ ನನ್ನ ಸ್ಟುಡಿಯೋ. ಹಾಸಿಗೆ ಗೋಡೆಗೆ ಹೋದದ್ದರಿಂದ ನಾನು ಚಾಪೆಗೆ ಬಂದೆ. ಕಲೆಗಾಗಿ ಮಾಡಿದ ತ್ಯಾಗ ಎಂದು ಅಪ್ಪನಿಗೆ ಫೋನಿನಲ್ಲಿ ಹೇಳಿದೆ.

"ಎಂತ ಕಲೆ ಮಾರಾಯ, ಲಿಫ್ಟಿಗೆ ಮಾತು ಕಲಿಸುವುದಾ?" ಅಂದರು.

ಓದುವ ಮೊದಲು ಹಾಳೆಯ ಮೇಲೆ ಪೆನ್ಸಿಲಿನಿಂದ ಉಸಿರಿನ ಗುರುತು ಹಾಕಿಕೊಳ್ಳುವುದು ನಮ್ಮ ಕೆಲಸದ ರೂಢಿ. ಅಲ್ಪವಿರಾಮಕ್ಕೆ ಒಂದು ಗೀಟು, ಪೂರ್ಣವಿರಾಮಕ್ಕೆ ಎರಡು. ಮೊನ್ನೆ ಒಂದು ಕನ್ನಡ ಪಾಠದಲ್ಲಿ ಅಪರೂಪಕ್ಕೆ ಅರ್ಧವಿರಾಮ ಬಂತು. ಮೇಲೊಂದು ಚುಕ್ಕೆ, ಕೆಳಗೊಂದು ಬಾಲ. ನನ್ನ ಜೊತೆ ಮನೆ ಹಂಚಿಕೊಂಡಿರುವ ಗುಜರಾತಿ ಗೆಳೆಯ ಹೆಗಲ ಮೇಲಿಂದ ಇಣುಕಿ, "ಆಂಖ್ ತೋ ಮಾರೇ ಛೇ, ಮೋಢು ಕ್ಯಾಂ?" ಅಂದ. ಕಣ್ಣೇನೋ ಹೊಡೀತಿದೆ, ಬಾಯಿ ಎಲ್ಲಿ ಅಂತ. ತಪ್ಪು ಅವನದಲ್ಲ. ನಮ್ಮ ವಯಸ್ಸಿನವರಿಗೆ ಅದು ಪರಿಚಯವಾದದ್ದೇ ಹಾಗೆ. ಪಕ್ಕದಲ್ಲಿ ಒಂದು ಆವರಣ ಚಿಹ್ನೆ ಸೇರಿಸಿದರೆ ಮೊಬೈಲಿನಲ್ಲಿ ಕಣ್ಣು ಮಿಟುಕಿಸುವ ಮುಖ. ಇಲ್ಲದಿದ್ದರೆ ಕೀಲಿಮಣೆಯ ಮೂಲೆಯಲ್ಲಿ ಬಿದ್ದಿರುವ ವಾರಸುದಾರರಿಲ್ಲದ ಸೈಟು. ಗೆಳೆಯ ಕಂಪ್ಯೂಟರಿಗೆ ಆಜ್ಞೆ ಬರೆಯುವವನು. ಅವನ ಲೋಕದಲ್ಲಿ ಪ್ರತಿ ಆಜ್ಞೆಯ ಕೊನೆಗೂ ಅದು ಬೇಕಂತೆ, ಅಲ್ಲಿ ಅದು 'ಮುಗಿಯಿತು' ಎನ್ನುತ್ತದಂತೆ. ನಮ್ಮಲ್ಲಿ ಅದು ಹೇಳುವುದೇ ಬೇರೆ: ಮುಗಿದ ಹಾಗಿದೆ ನಿಜ, ಆದರೆ ಯಾರೂ ಏಳಬೇಡಿ.

ಇದನ್ನು ನನಗೆ ಕಲಿಸಿದವರು ವಡೋದರಾದ ನಮ್ಮ ಮಾಸ್ತರು. ಅವರು ನಿಜವಾಗಿ ಮಾಸ್ತರಲ್ಲ. ಧಾರವಾಡ ಕಡೆಯವರು, ವಿಮಾ ಕಚೇರಿಯ ಅಧಿಕಾರಿಯಾಗಿ ವರ್ಗವಾಗಿ ಬಂದು, ನಿವೃತ್ತಿಯಾದ ಮೇಲೂ ಊರಿಗೆ ಹೋಗದೆ ಇಲ್ಲೇ ಉಳಿದವರು. ಯಾಕೆ ಉಳಿದಿರಿ ಎಂದರೆ, "ಸಾಮಾನು ಕಟ್ಟಬೇಕಲ್ಲಪಾ, ಅದರ ಬ್ಯಾಸರ" ಎನ್ನುತ್ತಿದ್ದರು. ರವಿವಾರ ಮಧ್ಯಾಹ್ನ ಕನ್ನಡದ ಮಕ್ಕಳಿಗೆ ಅಕ್ಷರ ಕಲಿಸುತ್ತಿದ್ದರು, ಅದೂ ನಮ್ಮ ಅಪ್ಪನ ಹೋಟೆಲಿನಲ್ಲಿ.

ಹೋಟೆಲು ಇರುವುದು ವಡೋದರಾದ ಮಕರಪುರದಲ್ಲಿ, ಕಾರ್ಖಾನೆಗಳ ನಡುವೆ. ಅಪ್ಪ ಉಡುಪಿ ಕಡೆಯಿಂದ ಬರುವಾಗ ಒಂದು ಶಪಥ ಮಾಡಿದ್ದರಂತೆ, ಉಪ್ಪಿಟ್ಟಿನ ಮೇಲೆ ಸೇವ್ ಹಾಕುವ ದಿನ ಬಂದರೆ ಹೋಟೆಲು ಮುಚ್ಚುತ್ತೇನೆ ಅಂತ. ಈಗ ಸೇವಿಗೆಂದೇ ಒಂದು ಡಬ್ಬ ಇದೆ, ಹೋಟೆಲು ಮುಚ್ಚಿಲ್ಲ. ಮಧ್ಯಾಹ್ನದ ಊಟದ ಗಲಾಟೆ ಮುಗಿದ ಮೇಲೆ ಸಂಜೆಯ ತಿಂಡಿ ಶುರುವಾಗುವ ತನಕ ಅಪ್ಪ ಶಟರನ್ನು ಅರ್ಧ ಇಳಿಸುತ್ತಿದ್ದರು. ಒಳಗೆ ನೆಲ ಒರೆಸುವುದು, ರುಬ್ಬುವ ಕಲ್ಲು ತೊಳೆಯುವುದು, ಹುಡುಗರು ಬೆಂಚಿನ ಮೇಲೆ ಮೈಚಾಚುವುದು. ಹೊರಗಿನಿಂದ ನೋಡಿದರೆ ಹೋಟೆಲು ಬಂದ್. ಆದರೂ ಕಾರ್ಖಾನೆಯಿಂದ ಬಂದ ಯಾರೋ ಒಬ್ಬರು ಸೊಂಟ ಬಗ್ಗಿಸಿ, ತಲೆ ಮಾತ್ರ ಒಳಗೆ ತೂರಿಸಿ, "ಕಾಕಾ, ಚಾ ಮಳ್ಶೆ?" ಎನ್ನುವರು.

ಚಹಾ ಸಿಗುತ್ತದೆಯೇ ಎಂಬ ಆ ಪ್ರಶ್ನೆಗೆ ಅಪ್ಪ ಇಲ್ಲ ಎಂದದ್ದನ್ನು ನಾನು ಕೇಳಿಲ್ಲ. "ಮಳ್ಶೆ, ಆವೋ, ಆವೋ" ಎನ್ನುವರು. ಬಂದವರು ಬಗ್ಗಿಕೊಂಡೇ ಬಂದು, ಚಹಾ ಕುಡಿದು, ಬಗ್ಗಿಕೊಂಡೇ ಹೋಗುವರು.

ಆ ಹೊತ್ತಿನಲ್ಲಿ ಫ್ಯಾಮಿಲಿ ರೂಮಿನಲ್ಲಿ ನಮ್ಮ ತರಗತಿ. ಕಪ್ಪುಹಲಗೆ ಎಂದರೆ ಹೋಟೆಲಿನ ಬೋರ್ಡೇ. ಮುಂದುಗಡೆ ಗುಜರಾತಿಯಲ್ಲಿ ಅಂದಿನ ವಿಶೇಷ ತಿಂಡಿ, ಹಿಂದುಗಡೆ ಕನ್ನಡದ ಒತ್ತಕ್ಷರ. ಒಮ್ಮೆ ಬೋರ್ಡು ತಿರುಗಿಸಿ ಇಡಲು ಮರೆತು, ಸಂಜೆ ಬಂದ ಗಿರಾಕಿಯೊಬ್ಬ 'ಕ್ಷ ಜ್ಞ' ಒಂದು ಪ್ಲೇಟು ಕೊಡಿ, ಖಾರ ಕಡಿಮೆ ಇರಲಿ ಎಂಬಂತೆ ಬೆರಳು ತೋರಿಸಿದ್ದ.

ಚಿಹ್ನೆಗಳ ಪಾಠದ ದಿನ ನಾವೆಲ್ಲ ತೂಕಡಿಸುತ್ತಿದ್ದೆವು. ಅಲ್ಪವಿರಾಮ ಆಯಿತು, ಪೂರ್ಣವಿರಾಮ ಆಯಿತು, ಅರ್ಧವಿರಾಮ ಎಂದಾಗ ನಾನು ಕೈ ಎತ್ತಿ, "ಸರ್, ಇದು ಆ ಕಡೆಯೂ ಅಲ್ಲ, ಈ ಕಡೆಯೂ ಅಲ್ಲ. ಇದು ಯಾಕೆ ಬೇಕು?" ಅಂದೆ. ಪ್ರಶ್ನೆ ಕೇಳಿದ್ದು ಜ್ಞಾನದ ಹಸಿವಿನಿಂದ ಅಲ್ಲ, ಪಾಠ ನಿಂತೀತು ಎಂಬ ಆಸೆಯಿಂದ.

ಮಾಸ್ತರು ಉತ್ತರ ಹುಡುಕುತ್ತಿರುವಾಗಲೇ ಶಟರಿನ ಕೆಳಗೊಂದು ತಲೆ ಬಂತು. "ಕಾಕಾ, ಚಾ ಮಳ್ಶೆ?"

"ನೋಡ್ರಿ!" ಎಂದು ಮಾಸ್ತರು ಸೀಮೆಸುಣ್ಣವನ್ನು ಆ ತಲೆಯ ಕಡೆ ತಿರುಗಿಸಿದರು. ಆ ಮನುಷ್ಯ ಬೆದರಿ ತಲೆ ಹಿಂದಕ್ಕೆಳೆದುಕೊಂಡ. "ಪೂರ್ಣವಿರಾಮ ಅಂದ್ರ ಶಟರ್ ಪೂರ್ತಿ ಕೆಳಗ, ಮ್ಯಾಲ ಬೀಗ. ಅಲ್ಪವಿರಾಮ ಅಂದ್ರ ಶಟರ್ ತೆರದದ, ಮಂದಿ ಒಬ್ಬರ ಹಿಂದ ಒಬ್ಬರು ಬರ್ತಾನ ಇದ್ದಾರ. ಅರ್ಧವಿರಾಮ ಅಂದ್ರ ಇದು. ಒಳಗಿನ ಕೆಲಸ ಮುಗದದ. ಹೊರಗಿನವಗ ಬಾ ಅನ್ನೂದು ಮುಗದಿಲ್ಲ. ಎರಡೂ ಪೂರಾ ಮಾತು. ಬ್ಯಾರೆ ಬ್ಯಾರೆ ನಿಲ್ಲಬಲ್ಲವು, ಆದ್ರ ಒಂದಕ್ಕೊಂದು ಸಂಬಂಧ ಅದ ಅಂತ ಜೋಡಿಲೆ ಕೂತಾವ."

ಹೊರಗಿನಿಂದ ಆ ಮನುಷ್ಯ, ಚಹಾ ಸಿಗುತ್ತದೋ ಇಲ್ಲವೋ ಎಂದು ಮತ್ತೆ ಕೇಳಿದ. ಪಾಠಕ್ಕೆ ಉದಾಹರಣೆಯಾದದ್ದಕ್ಕೆ ಅಪ್ಪ ಅವನಿಗೆ ಒಂದು ಗೋಳಿಬಜೆ ಹೆಚ್ಚು ಹಾಕಿಕೊಟ್ಟರು.

ಅರ್ಧವಿರಾಮದ ಇನ್ನೊಂದು ಬಳಕೆಯನ್ನು ಕಲಿಸಿದ್ದು ಅಪ್ಪ, ತಮಗೇ ಗೊತ್ತಿಲ್ಲದೆ. ಗಲ್ಲೆಯ ಮೇಲೆ ಕೂತು ಅಡುಗೆಮನೆಗೆ ಅವರು ಆರ್ಡರು ಕೂಗುವ ಶೈಲಿಯನ್ನು ಮಾಸ್ತರು ಬೋರ್ಡಿನ ಮೇಲೆ ಹಾಗೇ ಇಳಿಸಿದರು: 'ಎರಡು ಮಸಾಲೆ, ಚಟ್ನಿ ಹೆಚ್ಚು; ಒಂದು ಉಪ್ಪಿಟ್ಟು, ಮೇಲೆ ಸೇವ್; ಮೂರು ವಡೆ, ಸಾಂಬಾರ್ ಬೇರೆ.' ನಡುನಡುವೆ ಆ ಬಾಲದ ಚುಕ್ಕೆ ಇಲ್ಲದಿದ್ದರೆ ಸೇವ್ ವಡೆಯ ಮೇಲೆ ಹೋಗಿ ಬೀಳುತ್ತದೆ ಎಂದರು. ಅಪ್ಪ ಗಲ್ಲೆಯಿಂದಲೇ, "ಅದೂ ಬಿದ್ದಾಗಿದೆ ಸರ್, ಗಿರಾಕಿ ತಿಂದು ಇನ್ನೊಂದು ಪ್ಲೇಟು ಕೇಳಿದ" ಅಂದರು.

ನಕಲು ಮಾಡುವ ರೋಗ ನನಗೆ ಹತ್ತಿದ್ದು ಅಲ್ಲೇ. ಕರಾವಳಿಯ ಅಪ್ಪ, ಧಾರವಾಡದ ಮಾಸ್ತರು, ಬ್ಯಾಂಕಿನಿಂದ ವರ್ಗವಾಗಿ ಬರುವ ಬೆಂಗಳೂರಿನವರು, ಇವರ ನಡುವೆ ಗುಜರಾತಿ ಗಿರಾಕಿಗಳು. ಒಂದೇ ಛಾವಣಿಯ ಕೆಳಗೆ ಇಷ್ಟು ಸರಕು ಸಿಗುವಾಗ ಬಾಯಿ ಸುಮ್ಮನಿರಬೇಕೆಂದರೆ ಹೇಗೆ? ಮಾಸ್ತರಿಗೆ ಒಂದು ಅಭ್ಯಾಸವಿತ್ತು. ಮಾತು ಒಂದು ಹಂತಕ್ಕೆ ಬಂದು ನಿಂತಾಗ, ಇನ್ನೂ ಇದೆ ಎನ್ನುವುದಕ್ಕೆ ತೋರುಬೆರಳನ್ನು ಅರ್ಧ ಮಡಚಿ ಮೇಲೆತ್ತುತ್ತಿದ್ದರು. ಅವರು ಇಲ್ಲದಾಗ ನಾನು ಅದನ್ನು ಮಾಡಿ ತೋರಿಸಿ ಮಕ್ಕಳನ್ನು ನಗಿಸುತ್ತಿದ್ದೆ. ಒಂದು ದಿನ ಅವರು ಹಿಂದೆಯೇ ನಿಂತಿದ್ದರು. ಮಕ್ಕಳ ನಗು ನಿಂತಿತು, ನನ್ನದು ಒಣಗಿತು.

"ಇನ್ನೊಮ್ಮೆ ಮಾಡು" ಅಂದರು.

ಮಾಡಿದೆ.

"ಬೆರಳು ಅಷ್ಟು ನೆಟ್ಟಗ ಬ್ಯಾಡ, ನಡಕ ಮಡಚು. ದನಿ ಕೆಳಗ ಬಿಡಬ್ಯಾಡ. ನಕಲು ಮಾಡೂದಾದ್ರ ಛಂದಾಗಿ ಮಾಡು, ನನ್ನ ಮಾನ ಉಳಸು."

ಅಲ್ಲಿಂದ ಮುಂದೆ ಕನ್ನಡ ಸಂಘದ ವಾರ್ಷಿಕ ಸಮಾರಂಭದಲ್ಲಿ 'ಮಾಸ್ತರ ಭಾಷಣ' ನನ್ನ ಕಾಯಂ ಕಾರ್ಯಕ್ರಮವಾಯಿತು. ಎಲ್ಲ ವರ್ಷವೂ ಒಂದೇ ನಗೆ, ಅಧ್ಯಕ್ಷರು ಮಾತ್ರ ಬೇರೆ. "ನಮ್ಮ ಸಂಘದ ಅಧ್ಯಕ್ಷರು ಭಾಳ ದೊಡ್ಡ ಮನಸ್ಸಿನವರು" ಎಂದು ನಿಲ್ಲಿಸುತ್ತಿದ್ದೆ. ಅರ್ಧ ಮಡಚಿದ ಬೆರಳು ಮೇಲೆ. ಇನ್ನೊಂದು ಕೈಯಲ್ಲಿ ಕನ್ನಡಕವನ್ನು ಹಣೆಯ ತನಕ ಎತ್ತಿ ಸಭೆಯನ್ನು ಆ ತುದಿಯಿಂದ ಈ ತುದಿಗೆ ನೋಡುತ್ತಿದ್ದೆ. ಆಮೇಲೆ, "ಅಂತ ಅವರೇ ಹೇಳ್ಯಾರ" ಎಂದು ಮುಗಿಸುತ್ತಿದ್ದೆ. ಸಭೆ ಬಿದ್ದು ಬಿದ್ದು ನಗುತ್ತಿತ್ತು. ಕನ್ನಡಕ ಎತ್ತುವುದು ಮಾತ್ರ ಮಾಸ್ತರದಲ್ಲ, ನನ್ನ ಸೇರ್ಪಡೆ. ಅದು ಅವರಿಗೆ ಕೊನೆಗೂ ಸೇರಲಿಲ್ಲ. "ಅದು ಯಾವ ಮಂಗ್ಯಾ ಮಾಡ್ತದೋ?" ಎಂದು ಕೇಳುತ್ತಿದ್ದರು.

ನಮ್ಮ ಸಂಘಗಳ ಸಭೆಗಳ ಬಗ್ಗೆ ಹೊರಗಿನವರಿಗೆ ಒಂದು ವಿಷಯ ಗೊತ್ತಿರಲಿಕ್ಕಿಲ್ಲ. ಊಟ ಭಾಷಣದ ನಂತರ. ಊಟದ ಪಾತ್ರೆಗಳು ಸಭಾಂಗಣದ ಹಿಂದೆಯೇ. ವರ್ಷಕ್ಕೊಮ್ಮೆ ಒಳ್ಳೆಯ ಬಿಸಿಬೇಳೆ ಅನ್ನ ಸಿಗುವ ಊರಿನಲ್ಲಿ ತುಪ್ಪದ ಪರಿಮಳ ಬೆನ್ನಿಗೆ ಬಡಿಯುತ್ತಿದ್ದರೆ ಯಾವ ಮಹನೀಯರ ಮಾತು ತಲೆಗೆ ಹೋದೀತು? ಆದ್ದರಿಂದ ಜನ ಒಂದು ಉಪಾಯ ಕಂಡುಕೊಂಡಿದ್ದಾರೆ. ಭಾಷಣಕಾರರು ಉಸಿರಿಗೆಂದು ನಿಂತರೂ ಸಾಕು, ಜೋರಾಗಿ ಚಪ್ಪಾಳೆ. ಚಪ್ಪಾಳೆ ಬಿದ್ದ ಮೇಲೆ ಮುಂದುವರಿಸುವ ಧೈರ್ಯ ಹೆಚ್ಚಿನವರಿಗೆ ಇರುವುದಿಲ್ಲ. ನಮ್ಮಲ್ಲಿ ಚಪ್ಪಾಳೆ ಎಂದರೆ ಮೆಚ್ಚುಗೆ ಎಂದುಕೊಂಡವರು ಹೊಸಬರು, ಅದು ವಿನಂತಿ.

ಸೂರತ್ತಿನಲ್ಲಿ ಇದು ಕಲೆಯ ಮಟ್ಟಕ್ಕೆ ಏರಿದೆ. ಅಲ್ಲಿಯ ಸಂಘದ ಕಾರ್ಯಕ್ರಮಕ್ಕೆ ನಿರೂಪಣೆ ಮಾಡಲು ಹೋಗಿದ್ದೆ. ವರಾಛಾದಲ್ಲಿ ವಜ್ರಕ್ಕೆ ಸಾಣೆ ಹಿಡಿಯುವ ಅಂಗಡಿಗಳ ಮೇಲಿನ ಮಹಡಿಯ ಸಭಾಂಗಣ, ಕೆಳಗಿನಿಂದ ಚಕ್ರಗಳ ಗುಂಯ್ ಸದ್ದು. ಮುಖ್ಯ ಅತಿಥಿಗಳು ಪೀಠಿಕೆ ಮುಗಿಸಿ ವಿಷಯಕ್ಕೆ ಬರುವ ಮುನ್ನ ನೀರಿನ ಲೋಟ ಎತ್ತಿದರು. ಅಷ್ಟೇ. ಚಪ್ಪಾಳೆ, ಕುರ್ಚಿಗಳ ಕಿರ್ ಕಿರ್, ಸಭೆ ಎದ್ದು ನಿಂತಿತು. ಅತಿಥಿಗಳು ಲೋಟವನ್ನು ತುಟಿಗೆ ಹಚ್ಚಿದವರು ಹಾಗೇ ಕಣ್ಣು ತಿರುಗಿಸಿ ನನ್ನನ್ನು ನೋಡಿದರು. ಯಾರೋ ಬಂದು ಅವರ ಇನ್ನೊಂದು ಕೈಗೆ ತಟ್ಟೆ ಕೊಟ್ಟರು. ವಿಷಯ ಏನಿತ್ತೆಂದು ಇವತ್ತಿಗೂ ನಮಗೆ ಯಾರಿಗೂ ಗೊತ್ತಿಲ್ಲ. ನಾನಂತೂ ಎರಡನೇ ಸಲ ಬಡಿಸಿಕೊಳ್ಳುವ ಸಾಲಿನಲ್ಲಿದ್ದೆ.

ಹೋದ ಚಳಿಗಾಲ ಮಾಸ್ತರಿಗೆ ಎದೆಯಲ್ಲಿ ಕಫ ಕಟ್ಟಿ ಆಸ್ಪತ್ರೆ ಸೇರಬೇಕಾಯಿತು. ಗುಣವಾದರು, ಆದರೆ ಉಸಿರು ಮೊದಲಿನಷ್ಟು ಉದ್ದ ಇಲ್ಲ. ಸ್ವಲ್ಪ ಮಾತಾಡಿ, ನಿಲ್ಲಿ, ಉಸಿರು ತಗೊಳ್ಳಿ, ಮತ್ತೆ ಮಾತಾಡಿ ಎಂದು ಡಾಕ್ಟರು ಹೇಳಿ ಕಳಿಸಿದ್ದರು. ರವಿವಾರದ ತರಗತಿ ನಿಂತಿತ್ತು. ನೋಡಲು ಹೋದಾಗ ಮಾಸ್ತರ ಹೆಂಡತಿ, ನಾವೆಲ್ಲ ಕಾಕು ಎನ್ನುವವರು, ಬಾಗಿಲಲ್ಲೇ ಹೇಳಿದರು:

"ಮದುವ್ಯಾದಾಗಿಂದ ಇವರ ಮಾತಿಗೆ ಒಂದು ಪೂರ್ಣವಿರಾಮ ಹಾಕಸ್ಲಿಕ್ಕೆ ನಾ ಒದ್ದಾಡೀನಿ. ಡಾಕ್ಟರ್ ಒಂದ ವಾರದಾಗ ಹಾಕಸಿಬಿಟ್ಟ ನೋಡು."

ಒಳಗಿನಿಂದ ದನಿ ಬಂತು. "ಪೂರ್ಣ ಅಲ್ಲ..." ಉಸಿರು. "ಅರ್ಧ."

ಅದೇ ವಾರ ಸಂಘದ ಅಧ್ಯಕ್ಷರು ನನಗೆ ಫೋನು ಮಾಡಿದರು. ಅವರು ಬೆಂಗಳೂರಿನವರು, ಬ್ಯಾಂಕಿನಲ್ಲಿ ದೊಡ್ಡ ಹುದ್ದೆ, ಒಳ್ಳೆಯ ಮನುಷ್ಯರು, ಯಾವ ಕೆಲಸವನ್ನಾದರೂ 'ಮಾಡಿ ಮುಗಿಸಿಬಿಡುವ' ಪೈಕಿ.

"ನೋಡಪ್ಪಾ, ಈ ಸಲ ಮೇಷ್ಟ್ರಿಗೆ ಒಂದು ಸನ್ಮಾನ ಮಾಡ್ಬಿಡೋಣ. ಶಾಲು, ಹಾರ, ಹಣ್ಣಿನ ಬುಟ್ಟಿ. ಇಷ್ಟು ವರ್ಷ ಕ್ಲಾಸ್ ತಗೊಂಡಿದಾರೆ, ಗ್ರ್ಯಾಂಡಾಗಿ ಕ್ಲೋಸ್ ಮಾಡೋಣ. ಮಕ್ಕಳಿಗೆ ಈಗ ಮೊಬೈಲಲ್ಲೇ ವಿಡಿಯೋ ಪಾಠ ಎಲ್ಲ ಇದ್ಯಲ್ಲ."

"ಅವರು ಮಾತಾಡ್ತಾರಾ ಸರ್?"

"ಅಯ್ಯೋ, ಅವರಿಗ್ಯಾಕೆ ಶ್ರಮ? ನೀನಿದೀಯಲ್ಲ. ಅವರ ವಾಯ್ಸಲ್ಲೇ ಎರಡು ಮಾತು ಹೇಳ್ಬಿಡು. ಜನಕ್ಕೂ ಮಜಾ."

ಒಬ್ಬ ಮನುಷ್ಯನನ್ನು ಶಾಲು ಹೊದಿಸಿ ಕುರ್ಚಿಯಲ್ಲಿ ಕೂರಿಸಿ, ಅವರ ಎದುರಿಗೇ ಅವರ ದನಿಯಲ್ಲಿ ನಾನು ಧನ್ಯವಾದ ಹೇಳುವುದು! ನನ್ನ ಕಸುಬಿನಲ್ಲಿ ಇಂಥ ಅವಕಾಶ ದಿನಾ ಬರುವುದಿಲ್ಲ ಎಂದು ಒಂದು ಗಳಿಗೆ ಬಾಯಲ್ಲಿ ನೀರೂರಿತು ಎನ್ನಿ. ಮಾಸ್ತರಿಗೆ ಹೇಳಿದಾಗ ಅವರು ನಗಲಿಲ್ಲ.

"ಶಾಲು ಅಂದ್ರ ಏನು ಗೊತ್ತೇನು?" ಎಂದರು. "ಉಣ್ಣೆಯ ಪೂರ್ಣವಿರಾಮ." ಉಸಿರು ತೆಗೆದುಕೊಂಡರು. "ಹೊದಸಿದ ಮ್ಯಾಲ ಆ ಮನಷ್ಯಾನ ಹತ್ರ ಯಾರೂ ಏನೂ ಕೇಳೂದಿಲ್ಲ. ನಾ ತರಗತಿ ಮುಗಸಿಲ್ಲ. ಮಕ್ಕಳನ್ನ ಕಳಸ್ರಿ ಅಂತ ನಾನ ಹೇಳಬೇಕು."

"ನಾನು ಹೇಳಿದರೆ ಆಗುವುದಿಲ್ಲವಾ ಸರ್? ಥೇಟು ನಿಮ್ಮ ಹಾಗೇ ಹೇಳ್ತೇನೆ."

"ನೀ ಹೇಳಿದ್ರ ನಗತಾರ. ನಗಲಿ." ಮತ್ತೆ ಉಸಿರು. "ಮಕ್ಕಳನ್ನ ಕಳಸೂದಿಲ್ಲ."

ಕಷ್ಟ ಎಲ್ಲಿದೆ ಎಂಬುದು ಇಬ್ಬರಿಗೂ ಗೊತ್ತಿತ್ತು. ಅವರು ಮಾತಿನ ನಡುವೆ ನಿಲ್ಲಲೇಬೇಕು. ನಿಂತರೆ ನಮ್ಮ ಜನ ಚಪ್ಪಾಳೆ ತಟ್ಟಿ ಊಟಕ್ಕೆ ಏಳುತ್ತಾರೆ. ತರಗತಿಯ ಮಾತು ಬರುವ ಹೊತ್ತಿಗೆ ಮಾಸ್ತರ ಎದುರು ಖಾಲಿ ಕುರ್ಚಿಗಳು ಇರುತ್ತವೆ.

ತಾಲೀಮು ಹೋಟೆಲಿನಲ್ಲೇ ಇಟ್ಟುಕೊಂಡೆವು, ಶಟರು ಅರ್ಧ ಇಳಿದ ಹೊತ್ತಿನಲ್ಲಿ. ಬೋಪಾಲಿನ ನನ್ನ ಮನೆಯಿಂದ ಬೈಕಿನಲ್ಲಿ ಬಂದೆ. ಸಭಿಕರ ಪಾತ್ರ ಅಪ್ಪನದು. ಗಲ್ಲೆಯ ಹಿಂದೆ ಕಾಲಮೇಲೆ ಕಾಲು ಹಾಕಿ ಕೂತರು.

ಮಾಸ್ತರು ಎದ್ದು ನಿಂತು, "ಬಂಧುಗಳೇ, ನಾನು ಈ ಊರಿಗೆ ಬಂದಾಗ ನನಗ ಗುಜರಾತಿ ಬರ್ತಿರಲಿಲ್ಲ" ಎಂದು ನಿಂತರು. ಉಸಿರು ತೀರಿ ದನಿ ನೆಲಕ್ಕೆ ಇಳಿಯಿತು.

ಅಪ್ಪ ಚಟಪಟ ಚಪ್ಪಾಳೆ ತಟ್ಟಿದರು.

"ಅಪ್ಪಾ!"

"ನಾನೆಂತ ಮಾಡುವುದು ಮಾರಾಯ? ಮುಗಿದ ಹಾಗೇ ಆಯ್ತಲ್ಲ. ನನಗೆ ಊಟದ ನೆನಪೂ ಆಯ್ತು."

ಮತ್ತೆ ಮಾಡಿದರು, ಮತ್ತೆ ಚಪ್ಪಾಳೆ. ಕಾಕು ಒಂದು ಮೂಲೆಯಲ್ಲಿ ಕೂತು ಕಾಫಿ ಕುಡಿಯುತ್ತ, "ಇವರು ಹಿಂದಕ ಹಿಂಗ ನಿಲ್ತಿದ್ದಿಲ್ಲ ಬಿಡು. ನಿಂತ್ರೂ ಮುಂದಿನವರು ಬಾಯಿ ತೆರೀಲಿಕ್ಕೆ ಆಗ್ತಿದ್ದಿಲ್ಲ" ಅಂದರು.

ನನ್ನ ಕಸುಬಿನ ಜ್ಞಾನವನ್ನೆಲ್ಲ ಹೊರತೆಗೆದೆ. ಉಸಿರು ಪೂರ್ತಿ ಖಾಲಿಯಾಗುವ ತನಕ ಕಾಯಬೇಡಿ, ಇನ್ನೂ ಸ್ವಲ್ಪ ಇರುವಾಗಲೇ ನಿಲ್ಲಿ, ಆಗ ದನಿ ಬೀಳುವುದಿಲ್ಲ ಎಂದೆ. ಹೇಳಿದ್ದು ಸರಿಯೇ ಇತ್ತು. ಆದರೆ ಹೇಳುವಾಗ ನನ್ನ ದನಿ ಲಿಫ್ಟಿನ ದನಿಯಾಗಿತ್ತಂತೆ, ಅಪ್ಪ, "ಈಗ ಎಷ್ಟನೇ ಮಹಡಿ?" ಎಂದು ಕೇಳಿದರು.

ಮಾಸ್ತರು ಕುರ್ಚಿಯಲ್ಲಿ ಕೂತು ಉಸಿರು ತೆಗೆದುಕೊಂಡರು. ಆಮೇಲೆ, "ನೀ ನನ್ನ ಮಾಡ್ತೀಯಲ್ಲ, ಅದನ್ನ ಮಾಡು. ನಾ ನೋಡ್ತೀನಿ" ಅಂದರು.

ಮಾಡಿದೆ. ವೇದಿಕೆಯ ಮೇಲೆ ಮಾಡುವಂತೆಯೇ, ಇಡಿಯಾಗಿ. ಅಧ್ಯಕ್ಷರ ದೊಡ್ಡ ಮನಸ್ಸು, ಅರ್ಧ ಮಡಚಿದ ಬೆರಳು, ಕನ್ನಡಕ, ಎಲ್ಲ. ಅಪ್ಪ ನಕ್ಕರು, ಕಾಕು ಸೆರಗು ಬಾಯಿಗೆ ಹಿಡಿದರು. ಮಾಸ್ತರು ಮಾತ್ರ ದರ್ಜಿ ಅಂಗಡಿಯಲ್ಲಿ ತಮ್ಮ ಹಳೆಯ ಅಂಗಿಯ ಅಳತೆ ನೋಡುವವರ ಹಾಗೆ ನೋಡುತ್ತಿದ್ದರು.

"ನಾ ಹಿಂಗ ನಿಲ್ತಿದ್ದೆನೇನು?"

"ಹೌದ್ರೀ," ಎಂದರು ಕಾಕು. "ಥೇಟ್."

"ಛಂದ ಅದಲ್ಲ."

ಎದ್ದು ನಿಂತರು. ನನ್ನನ್ನು ನೋಡುತ್ತ ನನ್ನ ಹಾಗೆ, ಅಂದರೆ ತಮ್ಮ ಹಾಗೆ, ಬೆರಳು ಮಡಚಿದರು. ಮೊದಲ ಸಲ ಬೆರಳು ತಡವಾಗಿ ಬಂತು. "ದನಿಗಿಂತ ಮುಂಚೆ ಬೆರಳು ಸರ್" ಎಂದೆ. "ನನಗ ಕಲಸ್ತೀಯೇನು?" ಎಂದರು. ಕಲಿತರು. ಬೆರಳು ಮೇಲಿದ್ದಾಗ ದನಿಯೂ ಬೀಳದೆ ನಿಂತುಕೊಳ್ಳುತ್ತಿತ್ತು, ಯಾಕೋ ಗೊತ್ತಿಲ್ಲ. ಅಪ್ಪ ಅಂಗೈ ಅಗಲಿಸಿದವರು ತಟ್ಟಲಾಗದೆ, ಸೊಳ್ಳೆ ಹುಡುಕುವವರ ಹಾಗೆ ಕೂತರು.

"ಆದ್ರ ಕನ್ನಡಕ ಎತ್ತೂದಿಲ್ಲ," ಎಂದರು ಮಾಸ್ತರು. "ಅದು ನಾ ಅಲ್ಲ."

ಸಮಾರಂಭದ ಸಂಜೆ ವಡೋದರಾದ ಸಭಾಂಗಣ ತುಂಬಿತ್ತು. ಹಿಂದೆ ಬಿಸಿಬೇಳೆ ಅನ್ನ, ಜೊತೆಗೆ ಇಲ್ಲಿಯವರ ಶ್ರೀಖಂಡ, ಬಡಿಸುವವರು ಸೌಟು ಹಿಡಿದು ತಯಾರು. ಶಾಲು ಹೊದಿಸಿದ್ದಾಯಿತು, ಹಾರ ಹಾಕಿದ್ದಾಯಿತು, ಹಣ್ಣಿನ ಬುಟ್ಟಿಯ ಹಿಂದೆ ಮಾಸ್ತರು ಅರ್ಧ ಮರೆಯಾದರು. ಅಧ್ಯಕ್ಷರು ಮೈಕಿನಲ್ಲಿ, "ಈಗ ಮೇಷ್ಟ್ರ ಪರವಾಗಿ ನಮ್ಮ ಹುಡುಗ ಎರಡು ಮಾತಾಡ್ಬಿಡ್ತಾನೆ, ಆಮೇಲೆ ಊಟ" ಎಂದು ಘೋಷಿಸಿದರು. ಊಟ ಎಂಬ ಶಬ್ದಕ್ಕೆ ಆಗಲೇ ಒಂದು ಸುತ್ತು ಚಪ್ಪಾಳೆ.

ಮೈಕಿನ ಮುಂದೆ ನಿಂತೆ. ನನ್ನ ಬಾಯಿ ಒಮ್ಮೊಮ್ಮೆ ನನಗಿಂತ ಮೊದಲೇ ಯೋಚಿಸುತ್ತದೆ.

"ಇಷ್ಟು ವರ್ಷ ನಾನು ಮಾಸ್ತರ ಮಿಮಿಕ್ರಿ ಮಾಡಿದೆ. ನನಗಿಂತ ಚೆನ್ನಾಗಿ ಮಾಡುವ ಕಲಾವಿದರೊಬ್ಬರು ಸಿಕ್ಕಿದ್ದಾರೆ. ಇವತ್ತು ಮಾಸ್ತರ ಮಿಮಿಕ್ರಿಯನ್ನು ಸ್ವತಃ ಮಾಸ್ತರೇ ಮಾಡುತ್ತಾರೆ."

ಸಭೆ ನಕ್ಕಿತು. ಅಧ್ಯಕ್ಷರು ಕೈಗಡಿಯಾರ ನೋಡಿ, ನನ್ನನ್ನು ನೋಡಿ, ಕೂತರು. ಮಾಸ್ತರು ಬುಟ್ಟಿಯ ಹಿಂದಿನಿಂದ ಎದ್ದು ಬಂದರು.

"ಬಂಧುಗಳೇ, ನಾನು ಈ ಊರಿಗೆ ಬಂದಾಗ ನನಗ ಗುಜರಾತಿ ಬರ್ತಿರಲಿಲ್ಲ" ಎಂದರು. ನಿಂತರು. ತಾಲೀಮು ಬೇರೆ, ತುಂಬಿದ ಸಭೆ ಬೇರೆ. ಬೆರಳು ಮೇಲೆ ಬಂತು, ಆದರೆ ಉಸಿರು ಮೊದಲೇ ತೀರಿ ದನಿ ಬಿದ್ದಿತ್ತು. ಹಿಂದಿನ ಸಾಲಿನಲ್ಲಿ ಚಪ್ಪಾಳೆ ಶುರುವಾಯಿತು. ಒಂದು ಕುರ್ಚಿ ಕಿರ್ ಎಂದಿತು, ಅದರ ಪಕ್ಕದ್ದೂ ಎಂದಿತು. ನನಗೆ ಸೂರತ್ತಿನ ನೀರಿನ ಲೋಟ ಕಣ್ಣಮುಂದೆ ಬಂತು.

ಆಗ ಮಾಸ್ತರು ಇನ್ನೊಂದು ಕೈಯಿಂದ ಕನ್ನಡಕವನ್ನು ನಿಧಾನವಾಗಿ ಹಣೆಯ ತನಕ ಎತ್ತಿ, ಸಭೆಯನ್ನು ಆ ತುದಿಯಿಂದ ಈ ತುದಿಗೆ ನೋಡಿದರು.

ಇಡೀ ಸಭೆ ಹೋ ಎಂದು ನಕ್ಕಿತು. ಎದ್ದವರು ನಗುತ್ತಲೇ ಕೂತರು. ಅವರಿಗೆಲ್ಲ ಗೊತ್ತಿತ್ತು: ಬೆರಳು ಮಡಚಿ ಕನ್ನಡಕ ಎತ್ತಿದ ಮೇಲೆ ನಿಜವಾದ ಮಾತು ಬರುತ್ತದೆ, ಅದನ್ನು ಬಿಟ್ಟು ಹೋದರೆ ನಷ್ಟ. ಇಷ್ಟು ವರ್ಷ ನಾನು ವೇದಿಕೆಯ ಮೇಲೆ ಮಂಗನಾಟ ಆಡಿದ್ದೆ ಎಂದುಕೊಂಡಿದ್ದೆ. ನಾನು ಈ ಜನಕ್ಕೆ ಕಾಯುವುದನ್ನು ಕಲಿಸಿದ್ದೆ. ಕಲಿಸುವಾಗ ನನಗೂ ಗೊತ್ತಿರಲಿಲ್ಲ, ಹಾಗಾಗಿ ಗುರುದಕ್ಷಿಣೆ ಕೇಳುವ ಹಕ್ಕಿಲ್ಲ. ನಗು ಇಳಿಯುವಷ್ಟರಲ್ಲಿ ಮಾಸ್ತರು ಬೇಕಾದಷ್ಟು ಉಸಿರು ತುಂಬಿಕೊಂಡಿದ್ದರು.

"ಗುಜರಾತಿ ನನಗ ಕಲಿಸಿದವರು ಚಹಾ ಕೇಳಲಿಕ್ಕೆ ಬರ್ತಿದ್ದ ಮಂದಿ" ಎಂದರು. ಬೆರಳು. ಸಭೆ ಕಾಯಿತು. "ಅವರ ಮಕ್ಕಳ ಜೊತಿಗೆ ಆಡಿ ನಮ್ಮ ಮಕ್ಕಳು ಗುಜರಾತಿ ಕಲ್ತರು, ಛಲೋ ಆತು; ಆದ್ರ ಅಜ್ಜಿ ಫೋನ್ ಮಾಡಿದಾಗ 'ಹಾಂ, ಹೂಂ' ಅಂತ ಅವ್ವನ ಕೈಗೆ ಫೋನ್ ಕೊಡ್ತಾರ." ಮುಂದಿನ ಸಾಲಿನ ತಾಯಂದಿರು ತಮ್ಮ ತಮ್ಮ ಮಕ್ಕಳನ್ನು ನೋಡಿದರು. ಮಕ್ಕಳು ಛಾವಣಿ ನೋಡಿದರು. ಪ್ರತಿ ನಿಲುಗಡೆಗೂ ಬೆರಳು ಏಳುತ್ತಿತ್ತು. ಒಮ್ಮೆ ನಿಂತದ್ದು ಬಹಳ ಉದ್ದವಾಯಿತು, ಕಾಕು ಕುರ್ಚಿಯ ತುದಿಗೆ ಬಂದರು. ಸಭೆಯಲ್ಲಿ ಯಾರೂ ಕೆಮ್ಮಲಿಲ್ಲ ಕೂಡ.

"ನನಗ ಇವತ್ತ ಶಾಲು ಹೊದಿಸೀರಿ, ಭಾಳ ಬೆಚ್ಚಗ ಅದ," ಎಂದರು ಕೊನೆಗೆ. "ಬರೂ ರವಿವಾರ ಮಧ್ಯಾಹ್ನ ಹೋಟೆಲಿನಾಗ ತರಗತಿ ಅದ. ಶಟರ್ ಅರ್ಧ ಇಳದಿರ್ತದ, ಬಗ್ಗಿ ಒಳಗ ಬರ್ರಿ" ಎಂದು ಬೆರಳು ಮಡಚಿ ಎತ್ತಿ, ಹಾಗೇ ಹಿಂದೆ ಹೋಗಿ ಕುರ್ಚಿಯಲ್ಲಿ ಕೂತರು.

ಬೆರಳು ಇನ್ನೂ ಮೇಲೇ ಇತ್ತು.

ಸಭೆ ಕಾಯಿತು. ಭಾಷಣ ಮುಗಿಯಿತೋ ಇಲ್ಲವೋ ಯಾರಿಗೂ ತಿಳಿಯಲಿಲ್ಲ. ಅಧ್ಯಕ್ಷರು ಅರ್ಧ ಎದ್ದರು, ಬೆರಳು ನೋಡಿ ಅರ್ಧ ಕೂತರು. ಸೌಟು ಹಿಡಿದವನೊಬ್ಬ ಹಿಂದಿನಿಂದ ಇಣುಕಿ, ಇಷ್ಟು ಹಸಿದ ಜನ ಯಾಕೆ ಹೀಗೆ ಕೂತಿದ್ದಾರೆ ಎಂದು ಗಾಬರಿಯಾದ. ಮುಕ್ತಾಯಕ್ಕೆ ಚಪ್ಪಾಳೆಯೇ ಬೀಳದ ಭಾಷಣ ನಮ್ಮ ಸಂಘದಲ್ಲಿ ಅದೊಂದೇ. ಕೊನೆಗೆ ಮುಂದಿನ ಸಾಲಿನಿಂದ ಒಂದು ಪುಟ್ಟ ಹುಡುಗಿ, ತಡೆಯಲಾರದೆ, ಗುಜರಾತಿಯಲ್ಲಿ ಗಟ್ಟಿಯಾಗಿ ಕೇಳಿದಳು:

"ಪಛೀ?"

ಆಮೇಲೆ ಎಂದು ಅರ್ಥ.

"ಪಛೀ ರವಿವಾರ," ಎಂದರು ಮಾಸ್ತರು. ಆಗ ಬೆರಳು ಇಳಿಯಿತು.

ರವಿವಾರ ನಾನು ಬೋಪಾಲಿನಿಂದ ಹೊರಟು ಮಕರಪುರ ಮುಟ್ಟುವ ಹೊತ್ತಿಗೆ ಶಟರು ಅರ್ಧ ಇಳಿದಿತ್ತು. ಹೊರಗೆ ಪುಟ್ಟ ಪುಟ್ಟ ಚಪ್ಪಲಿಗಳು, ಒಂದರ ಮೇಲೊಂದು. ಮಕ್ಕಳು ಬಗ್ಗುವ ಅಗತ್ಯವೇ ಇಲ್ಲದೆ ಒಳಗೆ ನುಗ್ಗಿದ್ದರು. ಮಗನನ್ನು ಬಿಡಲು ಬಂದ ಅಧ್ಯಕ್ಷರು ಸಾಕಷ್ಟು ಬಗ್ಗದೆ ಹಣೆ ತಾಗಿಸಿಕೊಂಡು, ಅಪ್ಪ ಕೊಟ್ಟ ಐಸ್ ತುಂಡನ್ನು ಹಣೆಗೆ ಒತ್ತಿಕೊಂಡು ಬೆಂಚಿನ ಮೇಲೆ ಕೂತಿದ್ದರು. ಮಾಸ್ತರು ಶಾಲನ್ನು ನಾಲ್ಕಾಗಿ ಮಡಚಿ ಮರದ ಕುರ್ಚಿಯ ಮೇಲೆ ಹಾಕಿಕೊಂಡು ಅದರ ಮೇಲೆ ಆರಾಮವಾಗಿ ಕೂತಿದ್ದರು. 'ಪಛೀ?' ಎಂದಿದ್ದ ಹುಡುಗಿ ಬೋರ್ಡಿನ ಮುಂದಿನ ಬದಿಯ ತಿಂಡಿ ಓದಿ ಮುಗಿಸಿ, ಹಿಂದಿನ ಬದಿ ಯಾವಾಗ ತಿರುಗಿಸುತ್ತೀರಿ ಎಂದು ಅವಸರಪಡಿಸುತ್ತಿದ್ದಳು.

"ಬಂದೀಯೇನು? ಬಾ," ಎಂದು ಮಾಸ್ತರು ಪಾಠದ ಪುಸ್ತಕ ನನ್ನ ಕೈಗೆ ಕೊಟ್ಟರು. "ನನಗ ಉಸರು ಸಾಲದಲ್ಲೆಲ್ಲ ನೀ ಓದು."

ಗಂಟಲು ಸರಿಮಾಡಿಕೊಂಡು, ಎದೆ ತುಂಬ ಗಾಳಿ ಎಳೆದು, ನನ್ನ ಅತ್ಯುತ್ತಮ ದನಿಯಲ್ಲಿ ಮೊದಲ ವಾಕ್ಯ ಓದಿದೆ. ಮಕ್ಕಳು ಕಿಸಕ್ಕೆಂದವು. ಮಾಸ್ತರು ಬೆರಳು ಮಡಚಿ ಎತ್ತಿದರು. ನಾನು ನಿಂತೆ.

"ಲಿಫ್ಟಿನ ದನಿ ಬ್ಯಾಡೋ," ಎಂದರು. "ಮನಷ್ಯಾನ ದನಿಲೆ ಓದು."

ಶಟರಿನ ಕೆಳಗಿನಿಂದ ಒಂದು ತಲೆ ಬಂತು. ಚಹಾ ಸಿಗುತ್ತದೆಯೇ ಎಂದು ಅವನು ಕೇಳುವ ಮೊದಲೇ ಮಕ್ಕಳೆಲ್ಲ ಒಟ್ಟಿಗೆ, ಅಪ್ಪನ ದನಿಯನ್ನು ನನಗಿಂತ ಚೆನ್ನಾಗಿ ನಕಲು ಮಾಡಿ ಕೂಗಿದವು: "ಮಳ್ಶೆ, ಆವೋ, ಆವೋ!"